ಮರಕ್ಕಡವಿನ ಪಂಪು: ಅರ್ಜಿಗೆ ಎರವಲು ಬಾಲ್ಯ ಬೇಡ

ನಮ್ಮ ಕಾಸರಗೋಡಿನವರಿಗೆ ವಯನಾಡು ಎಂದರೆ ಚಳಿ, ಕಾಫಿ ಮತ್ತು ಕರಿಮೆಣಸು. ಅಲ್ಲಿಯೂ ಮನೆಯೊಳಗೆ ಕನ್ನಡ ಆಡಿ, ಹೊಸ್ತಿಲು ದಾಟಿದೊಡನೆ ಮಲಯಾಳಕ್ಕೆ ಹೊರಳುವ ಕುಟುಂಬಗಳಿವೆ ಎಂಬುದು ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಪುಲ್ಪಳ್ಳಿಯಿಂದ ಆಚೆ, ಕಬಿನಿ ಹೊಳೆಯ ದಡದಲ್ಲಿರುವ ಮರಕ್ಕಡವು ಅಂಥ ಕುಟುಂಬಗಳಿರುವ ಊರು. ಕಡವು ಎಂದರೆ ಹೊಳೆ ದಾಟುವ ಜಾಗ. ಆ ಶಬ್ದ ಅವರದೂ ಹೌದು, ನಮ್ಮದೂ ಹೌದು. ಎದುರು ದಡದಲ್ಲಿ ಮೈಸೂರು ಜಿಲ್ಲೆಯ ಬೈರಕುಪ್ಪೆ. ದೋಣಿಯಲ್ಲಿ ಕೆಲವು ನಿಮಿಷದ ಹಾದಿ. ರಸ್ತೆ ಹಿಡಿದು ಹೋಗುವುದಾದರೆ ಬಾವಲಿಯ ಮೇಲಾಗಿ ಕಾಡು ಸುತ್ತಬೇಕು. ಇಲ್ಲಿಗೊಂದು ಸೇತುವೆ ಬೇಕೆಂಬ ಬೇಡಿಕೆಗೆ ದಶಕಗಳ ವಯಸ್ಸಾಗಿದೆ.

ಕಳೆದ ಡಿಸೆಂಬರಿನಲ್ಲಿ ಸ್ನೇಹಿತರೊಬ್ಬರ ಜೊತೆಗೆ ನಾವು ಆ ಊರಿಗೆ ಹೋಗಿದ್ದೆವು. ಅಂಗಳದ ತುಂಬ ಕಾಫಿ ಹಣ್ಣು ಒಣಗಲು ಹರವಿತ್ತು. ಕಾಪಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮನೆಯೊಡತಿ ನಾಲ್ಕು ಹಾಳೆಗಳನ್ನು ತಂದು ನಮ್ಮ ಮುಂದಿಟ್ಟರು.

"ಸಾರ್, ನೀವು ಪೇಪರಿನವರು. ಮಗಳು ಹೊರದೇಶದ ಕಾಲೇಜಿಗೆ ಅರ್ಜಿ ಹಾಕ್ತಾ ಅವಳೆ. ಇದನ್ನ ಒಂಚೂರು ಚೆಂದ ಮಾಡಿ ನೀವೇ ಬರೆದುಕೊಡಿ. ಫೀಸೆಲ್ಲ ಮಾಫಿ ಆಗೋದು ಇದರ ಮೇಲೇ ಅಂತೆ."

ಹುಡುಗಿ ಹನ್ನೆರಡನೆಯ ತರಗತಿ. ಮಲಯಾಳ ಶಾಲೆಯಲ್ಲಿ ಓದು, ಮನೆಯಲ್ಲಿ ಕನ್ನಡ, ಅರ್ಜಿ ಇಂಗ್ಲಿಷಿನಲ್ಲಿ. ಕೊನೆಯ ದಿನಕ್ಕೆ ಒಂದೇ ವಾರ ಉಳಿದಿತ್ತು. ಇಂಜಿನಿಯರಿಂಗಿನಲ್ಲಿ ಎಂದಿನಿಂದ ಆಸಕ್ತಿ, ಏಕೆ ಆಸಕ್ತಿ ಎಂಬುದನ್ನು ಪ್ರಬಂಧ ರೂಪದಲ್ಲಿ ಬರೆಯಬೇಕಾಗಿತ್ತು. ಅವಳ ಬರಹ ಶುರುವಾದದ್ದು ಹೀಗೆ: ಎಳವೆಯಿಂದಲೇ ಇಂಜಿನಿಯರಿಂಗ್ ನನ್ನ ಉಸಿರಾಗಿತ್ತು, ಮೂರನೆಯ ವಯಸ್ಸಿನಲ್ಲಿಯೇ ಆಟಿಕೆಗಳನ್ನು ಬಿಚ್ಚಿ ಮರಳಿ ಜೋಡಿಸುತ್ತಿದ್ದೆ, ಮುಂದೊಂದು ದಿನ ನನ್ನ ಊರಿಗೆ ಸೇತುವೆ ಕಟ್ಟುವ ಕನಸು ಕಂಡೆ.

"ಯಾವ ಆಟಿಕೆ ಮಗಳೇ?" ಎಂದು ಕೇಳಿದೆವು.

ಅವಳು ತಾಯಿಯ ಮುಖ ನೋಡಿ ನಕ್ಕಳು. "ಆಟಿಕೆ ಎಲ್ಲಿತ್ತು ಸಾರ್? ಹಾಗೆ ಬರೀಬೇಕು ಅಂತ ಹೇಳಿದ್ರು."

ವಾಚಕರೇ, ಈ ಲೇಖನ ಹುಟ್ಟಿದ್ದು ಆ ನಗೆಯಿಂದ.

ಪ್ರಬಂಧ ಯಾರಿಗೆ ಬೇಕು?

ಮೊದಲು ಒಂದು ಗೊಂದಲ ನಿವಾರಣೆಯಾಗಲಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವ ದಾರಿಯಲ್ಲಿ ಇಂಥ ಪ್ರಬಂಧದ ಅಗತ್ಯವೇ ಇಲ್ಲ. ಕೇರಳದ ಕೀಮ್ ಪರೀಕ್ಷೆಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯ ಅಂಕವನ್ನೂ ಹನ್ನೆರಡನೆಯ ತರಗತಿಯ ಅಂಕವನ್ನೂ ಸಮಪಾಲಾಗಿ ಹಿಡಿಯುತ್ತಾರೆ. ಕರ್ನಾಟಕದ ಸಿಇಟಿಯಲ್ಲಿಯೂ ಹಾಗೆಯೇ. ಮಾನಂತವಾಡಿಯ ಹತ್ತಿರ ತಲಪ್ಪುಳದಲ್ಲಿರುವ ಸರಕಾರಿ ಇಂಜಿನಿಯರಿಂಗ್ ಕಾಲೇಜಿಗಾಗಲಿ, ನಮ್ಮ ಪೊವ್ವಲಿನ ಎಲ್‌ಬಿಎಸ್ ಕಾಲೇಜಿಗಾಗಲಿ ಸೇರುವ ಹುಡುಗನ ಬಾಲ್ಯವನ್ನು ಯಾರೂ ಕೇಳುವುದಿಲ್ಲ.

ಕೇಳುವವರು ಹೊರದೇಶದವರು, ಕೆಲವು ಖಾಸಗಿ ವಿಶ್ವವಿದ್ಯಾಲಯಗಳವರು ಮತ್ತು ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳವರು. ಅಮೆರಿಕದ ಅನೇಕ ಕಾಲೇಜುಗಳು ಒಟ್ಟಾಗಿ ಬಳಸುವ 'ಕಾಮನ್ ಆ್ಯಪ್' ಅರ್ಜಿಯಲ್ಲಿ ಮುಖ್ಯ ಪ್ರಬಂಧದ ಮಿತಿ 650 ಪದ. ಬ್ರಿಟನ್ನಿನ 'ಯೂಕ್ಯಾಸ್' ಅರ್ಜಿಯಲ್ಲಿ ಮೊದಲು ಒಂದೇ ಉದ್ದ ಬರಹವಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯ ಏಕೆ ಓದಬೇಕೆಂದಿದ್ದೀರಿ, ನಿಮ್ಮ ಈವರೆಗಿನ ಓದು ಇದಕ್ಕೆ ಹೇಗೆ ತಯಾರು ಮಾಡಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರ ಮೀರಬಾರದು.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರ ಮಕ್ಕಳು ಈ ಅರ್ಜಿಗಳನ್ನು ತುಂಬುತ್ತಿದ್ದಾರೆ. ಈಗ ಮರಕ್ಕಡವಿನ ಹುಡುಗಿಯೂ ತುಂಬುತ್ತಿದ್ದಾಳೆ. ಅವಳ ಅಂಕಪಟ್ಟಿ ಅರ್ಜಿಯ ಬೇರೊಂದು ಪುಟದಲ್ಲಿ ಇದ್ದೇ ಇದೆ. ಅಂಕ ಹೇಳಲಾರದ್ದನ್ನು ತಿಳಿಯುವುದಕ್ಕಾಗಿ ಪ್ರಬಂಧ ಕೇಳುವುದು. ಅಲ್ಲಿ ಹೋಗಿ ಎಲ್ಲರೂ ಬಿಚ್ಚಿದ ಆಟಿಕೆಯನ್ನೇ ನಾವೂ ಬಿಚ್ಚಿದರೆ ಓದುವವರಿಗೆ ಸಿಗುವುದೇನು?

ಹೊಳೆ ಇಳಿದಾಗ

ಹಾಳೆಗಳನ್ನು ಪಕ್ಕಕ್ಕಿಟ್ಟು, "ಆಟಿಕೆ ಬೇಡ. ಮನೆಯಲ್ಲಿ ಏನಾದರೂ ಕೆಟ್ಟುಹೋದಾಗ ನೀನು ಕೈ ಹಾಕಿದ್ದುಂಟೋ?" ಎಂದು ಕೇಳಿದೆವು.

"ಮೋಟ್ರಿಗೆ ಹಾಕಿದೀನಿ ಸಾರ್."

ಆಮೇಲೆ ಮಾತು ತಡೆಯಿಲ್ಲದೆ ಬಂತು. ಅವರ ತೋಟಕ್ಕೆ ನೀರು ಹೊಳೆಯಿಂದ. ಮಾರ್ಚಿ ಬಂತೆಂದರೆ ಕಬಿನಿ ಇಳಿಯುತ್ತದೆ, ಪಂಪು ನೀರು ಹಿಡಿಯುವುದಿಲ್ಲ. ತಂದೆ ಕೊಡಗಟ್ಟಲೆ ನೀರು ಹೊಯ್ದು ನೋಡುತ್ತಾರೆ. ಫುಟ್‌ವಾಲ್ವು ಸೋರುತ್ತಿದ್ದರೆ ಮುಚ್ಚಿಕೊಳ್ಳಲೆಂದು ಸೆಗಣಿ ಕದಡಿ ಹೊಯ್ಯುತ್ತಾರೆ. ಒಂಬತ್ತನೆಯ ತರಗತಿಯ ಬೇಸಗೆ ರಜೆಯಲ್ಲಿ ಅವಳು ಪೈಪಿಗೆ ಕಿವಿಗೊಟ್ಟು, ಗಾಳಿ ಒಳಸೇರುವ ಜಾಯಿಂಟನ್ನು ಪತ್ತೆ ಮಾಡಿ, ಹಳೆಯ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತಿದಳು. ಎರಡು ದಿನ ನೀರು ಬಂತು. ಮೂರನೆಯ ದಿನ ಮತ್ತೆ ನಿಂತಿತು.

ಅವಳು ಬಿದಿರಿನ ಗಳಕ್ಕೆ ಗೆರೆ ಹಾಕಿ, ಪಂಪು ಕೂತ ಜಾಗದಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಎಂದು ಅಳೆದಳು. ಏಳೂವರೆ ಮೀಟರ್ ಬಂತು. ಪಾಠದಲ್ಲಿ ಓದಿದ್ದು, ಗಾಳಿಯ ಒತ್ತಡ ನೀರನ್ನು ಹತ್ತು ಮೀಟರಿಗಿಂತಲೂ ಮೇಲೆ ಎತ್ತಬಲ್ಲದು ಎಂದು. ಹಾಗಾದರೆ ಏಳೂವರೆಗೇ ಏಕೆ ಸೋಲಬೇಕು?

ಈ ಪ್ರಶ್ನೆ ಸಣ್ಣದಲ್ಲ. ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ನಮ್ಮ ರೂಢಿಯ ಮಾತು. ನಿಜವಾಗಿ ಪಂಪು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ. ಹೊಳೆಯ ಮೇಲಿರುವ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ತಳ್ಳುವಿಕೆಯ ಪರಮಾವಧಿ ಸುಮಾರು 10.3 ಮೀಟರ್. ಮರಕ್ಕಡವು ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಆದ್ದರಿಂದ ಮಿತಿ ಒಂಬತ್ತೂವರೆ ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಒಳಮೈಯ ತಿಕ್ಕಾಟ, ಬಾಗುಗಳು, ಫುಟ್‌ವಾಲ್ವು, ಜಾಯಿಂಟಿನ ಸೋರಿಕೆ ಎಲ್ಲ ಕಳೆದರೆ ಬಳಕೆಗೆ ಉಳಿಯುವುದು ಆರೇಳು ಮೀಟರ್ ಮಾತ್ರ. ಶಾಲೆಯ ಅಧ್ಯಾಪಕರನ್ನು ಕೇಳಿ ಅವಳು ಇದನ್ನು ತಿಳಿದುಕೊಂಡಳು.

ಉಪಾಯ ಸುಲಭ: ಪಂಪನ್ನು ಕೆಳಗೆ ಇಳಿಸಿದರಾಯಿತು. ತಂದೆ ಒಪ್ಪಲಿಲ್ಲ. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಅವರ ಹಿಂದಿನ ಮೋಟರು ಹೊಳೆಪಾಲಾಗಿತ್ತು. ಆಗ ಇವಳಿಗೆ ಹತ್ತು ವರ್ಷ. ಕೆಳಗಿಟ್ಟರೆ ಮಳೆಗಾಲದಲ್ಲಿ ಮುಳುಗುತ್ತದೆ, ಮೇಲಿಟ್ಟರೆ ಬೇಸಗೆಯಲ್ಲಿ ನೀರೇರುವುದಿಲ್ಲ. ಆದ್ದರಿಂದ ಅವಳು ಪಂಪು ಮೇಲೆ ಕೆಳಗೆ ಜಾರುವಂತೆ ಎರಡು ಅಡಿಕೆ ಮರದ ಹಳಿಗಳ ಚಿತ್ರ ಬರೆದಳು. ತಂದೆ ಕಟ್ಟಿಕೊಟ್ಟರು. ಮೊದಲ ಮಳೆಗೆ ದಡದ ಮಣ್ಣು ಕುಸಿದು ಒಂದು ಹಳಿ ವಾಲಿತು, ಪಂಪು ಮಧ್ಯದಲ್ಲಿ ಸಿಕ್ಕಿಬಿತ್ತು. ನಾಲ್ವರು ಸೇರಿ ಹೊತ್ತು ಮೇಲೆ ತಂದರು.

"ಇವತ್ತಿಗೂ ಸರಿಯಾಗಿಲ್ಲ ಸಾರ್. ಮಣ್ಣಿನಲ್ಲಿ ಕಂಬ ಹೇಗೆ ನಿಲ್ಲಿಸೋದು ಅನ್ನೋದು ನಂಗೆ ಗೊತ್ತಿಲ್ಲ."

"ಇದನ್ನು ಬರೆಯಲಿಲ್ಲ ಏಕೆ?"

"ಸೆಗಣಿ, ಟ್ಯೂಬು ಅಂತೆಲ್ಲ ಬರೆದರೆ ನಗಲ್ವಾ ಸಾರ್? ಅದೂ ಅಲ್ಲದೆ, ಕಡೇಲಿ ಸೋತೇ ಹೋಯ್ತಲ್ಲ."

ನಗುವುದಿಲ್ಲ ಎಂದು ನಾವು ಭರವಸೆ ಕೊಟ್ಟೆವು. ತನಗೆ ಗೊತ್ತಿಲ್ಲದ್ದು ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿಗೆ ಕಾಲೇಜು ಏಕೆ ಬೇಕು ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಸೇತುವೆಯ ಕನಸಿಗೆ ಬೆಲೆಯಿಲ್ಲ ಎಂದಲ್ಲ. ಆದರೆ ಅವಳ ಕೈ ಮುಟ್ಟಿದ್ದು ಸೇತುವೆಯನ್ನಲ್ಲ, ಪಂಪನ್ನು.

ಬಾಲ್ಯದ ಆಸಕ್ತಿ ಇಲ್ಲದಿದ್ದರೆ?

ಎಲ್ಲ ಮಕ್ಕಳಿಗೂ ಇಂಥ ಕತೆ ಇರುತ್ತದೆಯೇ ಎಂದು ಹೆತ್ತವರು ಕೇಳಬಹುದು. ಇರಲೇಬೇಕೆಂದಿಲ್ಲ.

ಮರಕ್ಕಡವನ್ನು ದಾಟಿದ ಕಬಿನಿ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ತಂಗಿ, ನಂಜನಗೂಡನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನಂಜನಗೂಡಿನಲ್ಲಿ ವಕೀಲರಾಗಿದ್ದವರೊಬ್ಬರ ಮಗಳು ರಾಜೇಶ್ವರಿ ಚಟರ್ಜಿ (1922–2010). ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. ಶಾಲೆ ಮುಗಿಸುವ ಹೊತ್ತಿಗೆ ಅವರಿಗೆ ಇತಿಹಾಸದ ಮೇಲೂ ಒಲವಿತ್ತು. ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತ. ಗಣಿತದಲ್ಲಿ ಎಂ.ಎಸ್ಸಿ. ಮಾಡಿ 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಆಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಮರಳಿ ಬಂದು, ಮೈಕ್ರೋವೇವ್ ಮತ್ತು ಆಂಟೆನಾಗಳ ವಿಷಯದಲ್ಲಿ ಅದೇ ಸಂಸ್ಥೆಯಲ್ಲಿ ಪಾಠ, ಸಂಶೋಧನೆ ನಡೆಸಿದರು. ಎಳವೆಯಲ್ಲಿ ಒಂದನ್ನೇ ಹಿಡಿದು ಕೂರದಿದ್ದರೂ ದೊಡ್ಡ ಇಂಜಿನಿಯರಾಗಬಹುದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಇತಿಹಾಸ ಇಷ್ಟವಾಗಿತ್ತು, ಇಂಥ ಕಾರಣಕ್ಕೆ ಮನಸ್ಸು ಹೊರಳಿತು ಎಂದು ಬರೆದರೆ ಅದೂ ಒಳ್ಳೆಯ ಪ್ರಬಂಧವೇ.

ಉದ್ದವೂ ಬೇಕಿಲ್ಲ. 1974ರಲ್ಲಿ ಟೆಲ್ಕೋ ಕಂಪೆನಿಯ ಜಾಹೀರಾತೊಂದು ಮಹಿಳೆಯರು ಅರ್ಜಿ ಹಾಕಬಾರದೆಂದಾಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದ ಸುಧಾ ಮೂರ್ತಿಯವರು ಜೆ.ಆರ್.ಡಿ. ಟಾಟಾ ಅವರಿಗೆ ಪತ್ರ ಬರೆದದ್ದು ಒಂದು ಪೋಸ್ಟ್‌ಕಾರ್ಡಿನಲ್ಲಿ. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಹೇಳುವ ಮಾತು ಸ್ಪಷ್ಟವಿದ್ದರೆ ಒಂದು ಕಾರ್ಡಿನ ಜಾಗ ಸಾಕಾಗುತ್ತದೆ.

ನಮ್ಮ ಹಿತ್ತಿಲಲ್ಲಿ

ಕಾಸರಗೋಡಿನ ಮಕ್ಕಳಿಗಂತೂ ವಿಷಯದ ಬಡತನವೇ ಇಲ್ಲ. ಬಾಯಾರಿನಲ್ಲಿ, ಪಡ್ರೆಯಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗಗಳಿವೆ. ಒಬ್ಬ ಮನುಷ್ಯ ನಿಂತು ಕೆತ್ತುವಷ್ಟು ಎತ್ತರ, ನುಸುಳುವಷ್ಟೇ ಅಗಲ. ನೀರು ಯಂತ್ರವಿಲ್ಲದೆ ತಾನಾಗಿ ಹೊರಗೆ ಹರಿದುಬರುವಂತೆ ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಒಳಗೆ ಉಸಿರಾಡಲು ಗಾಳಿ ಸಾಕಷ್ಟಿದೆಯೋ ಎಂದು ತಿಳಿಯಲು ಉರಿಯುವ ಮೇಣದ ಬತ್ತಿಯನ್ನೇ ನಂಬುತ್ತಾರೆ. ಏತಡ್ಕದಲ್ಲಿ ಮಳೆ ಹಿಂದೆ ಸರಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಾರೆ. ಹಿಂದೆ ನಿಂತ ನೀರು ನೆಲಕ್ಕೆ ಇಂಗಿ ತೋಟವನ್ನು ಬೇಸಗೆಗೆ ತಂಪಾಗಿಡುತ್ತದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹಾಯಿಸಿದ ಅಜ್ಜಂದಿರು ಇನ್ನೂ ನಮ್ಮ ನಡುವೆ ಇದ್ದಾರೆ.

ಆದರೆ ಒಂದು ಎಚ್ಚರಿಕೆ. 'ನನ್ನ ಅಜ್ಜ ಸುರಂಗ ತೋಡಿದರು, ಆದ್ದರಿಂದ ನಾನು ಇಂಜಿನಿಯರ್ ಆಗಬೇಕು' ಎಂದರೆ ಅದು ಅಜ್ಜನ ಅರ್ಜಿಯಾಯಿತು. ಮೊಮ್ಮಗ ಏನು ನೋಡಿದ, ಏನು ಕೇಳಿದ, ಏನು ಅಳೆದ ಎಂಬುದು ಬರಬೇಕು. ತೋಡಿನಲ್ಲಿ ಹತ್ತು ಮೀಟರ್ ದೂರ ಗುರುತು ಹಾಕಿ, ಒಂದು ತೆಂಗಿನ ಚಿಪ್ಪನ್ನು ತೇಲಿಬಿಟ್ಟು, ಎಷ್ಟು ಸೆಕೆಂಡಿಗೆ ತಲುಪಿತು ಎಂದು ನೋಡಿದರೆ ಮೇಲ್ಮೈಯ ವೇಗ ಸಿಗುತ್ತದೆ. ತಳದಲ್ಲಿ ನೀರು ನಿಧಾನ. ಆದ್ದರಿಂದ ಆ ವೇಗವನ್ನು ಸುಮಾರು 0.85ರಿಂದ ಗುಣಿಸಿ, ತೋಡಿನ ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿದರೆ ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣದ ಅಂದಾಜು ದೊರೆಯುತ್ತದೆ. ಕಟ್ಟ ಕಟ್ಟುವ ಮೊದಲು ಒಮ್ಮೆ, ಕಟ್ಟಿದ ಮೇಲೆ ಕೆಳಗಡೆ ಒಮ್ಮೆ ಅಳೆದು ನೋಡಿದ ಮಗುವಿಗೆ 650 ಪದ ಸಾಲದೆ ಹೋಗಬಹುದು.

ಮೊದಲು ಕನ್ನಡದಲ್ಲಿ ಬರೆಯಿರಿ

ಆ ಸಂಜೆ ನಾವು ಪ್ರಬಂಧ ಬರೆದುಕೊಡಲಿಲ್ಲ. ತಾಯಿಗೆ ಸ್ವಲ್ಪ ಬೇಸರವಾಯಿತೆಂದೇ ತೋರುತ್ತದೆ. ಅರ್ಜಿಯ ಕೊನೆಯಲ್ಲಿ ಇದು ನನ್ನ ಸ್ವಂತ ಬರಹ ಎಂದು ಹುಡುಗಿಯೇ ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದನ್ನು ವಿವರಿಸಿದೆವು. ಇಂದು ಹಣ ಕೊಟ್ಟರೆ ಬರೆದುಕೊಡುವವರಿದ್ದಾರೆ. ಹಣವಿಲ್ಲದೆ ಮೊಬೈಲಿನ ಯಂತ್ರವೇ ನಿಮಿಷದಲ್ಲಿ ಬರೆದುಕೊಡುತ್ತದೆ. ಆ ಯಂತ್ರಕ್ಕೆ ಆಟಿಕೆಯ ಕತೆ ಗೊತ್ತು. ಮರಕ್ಕಡವಿನ ದಡದ ಏಳೂವರೆ ಮೀಟರ್ ಗೊತ್ತಿಲ್ಲ.

ನಾವು ಹೇಳಿದ್ದು ಇಷ್ಟೇ: ಮೊದಲು ಮನೆಯ ಕನ್ನಡದಲ್ಲಿ, ಅಪ್ಪನಿಗೆ ಹೇಳಿದ ಹಾಗೆ ಬರೆ. ದೊಡ್ಡ ಮಾತು ಬೇಡ. ಏನಾಯಿತು, ನೀನೇನು ಮಾಡಿದೆ, ಎಲ್ಲಿ ತಪ್ಪಿತು, ಈಗ ಏನು ತಿಳಿಯಬೇಕಾಗಿದೆ. ಆಮೇಲೆ ಅದನ್ನು ನೀನೇ ಇಂಗ್ಲಿಷಿಗೆ ತಾ. ವ್ಯಾಕರಣದ ತಪ್ಪನ್ನು ಅಧ್ಯಾಪಕರು ತಿದ್ದಲಿ. ವಿಷಯವನ್ನು ಯಾರೂ ತಿದ್ದುವುದು ಬೇಡ.

ಕನ್ನಡ ಬರೆಯುವ ಅಭ್ಯಾಸಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಸೀಟು ಕೇಳುವವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಾಲ್ಕನೆಯ ತರಗತಿಯ ಮಟ್ಟದ ಪ್ರಶ್ನೆಪತ್ರಿಕೆ, 50 ಅಂಕ, ಕನಿಷ್ಠ 12 ಬರಬೇಕು. ಗಡಿನಾಡಿನ ಪಟ್ಟಿಯಲ್ಲಿ ಕೇರಳದಿಂದ ಇರುವುದು ನಮ್ಮ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು. ಅಂಗಳದಿಂದ ಕರ್ನಾಟಕ ಕಾಣುವ ಮರಕ್ಕಡವಿನ ಮಗುವಿಗೆ ಆ ಬಾಗಿಲು ಇಲ್ಲ. ಅದು ಹೊರನಾಡಿನ ಬಾಗಿಲನ್ನೇ ತಟ್ಟಬೇಕು. ನಿಬಂಧನೆಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಹೆತ್ತವರು ಓದಿಕೊಳ್ಳುವುದು ಒಳ್ಳೆಯದು. ಜೆಇಇ ಮೈನ್ ಪರೀಕ್ಷೆ 2021ರಿಂದ ಕನ್ನಡದಲ್ಲಿಯೂ ನಡೆಯುತ್ತಿದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಿಗೆ ಮೀಸಲು. ಅದನ್ನು ಬಯಸುವ ನಮ್ಮ ಮಕ್ಕಳು ಪರೀಕ್ಷಾ ಕೇಂದ್ರವನ್ನು ಆರಿಸುವಾಗಲೇ ಇದನ್ನು ನೆನಪಿಡಬೇಕು.

ತಂದೆ ತಿದ್ದಿದ ತಪ್ಪು

ಮರುದಿನ ಬೆಳಗ್ಗೆ ನಾವು ಹೊರಡುವ ಮುಂಚೆ ಹುಡುಗಿ ಎರಡು ಪುಟ ಕನ್ನಡ ಬರೆದು ತಂದಿದ್ದಳು. ಅಕ್ಷರ ಅಲ್ಲಲ್ಲಿ ತಡವರಿಸಿತ್ತು. ಶಾಲೆಯಲ್ಲಿ ಕಲಿತದ್ದಲ್ಲ, ತಾಯಿ ಕಲಿಸಿದ್ದು. ಗಟ್ಟಿಯಾಗಿ ಓದು ಎಂದೆವು. ಇಂಗ್ಲಿಷಿನ ನಾಲ್ಕು ಹಾಳೆಗಳನ್ನು ಆ ಮನೆಯಲ್ಲಿ ಅವಳ ಹೊರತು ಯಾರೂ ಓದಿರಲಿಲ್ಲ. ಈಗ ತಾಯಿ ಒಲೆಯ ಬಳಿಯಿಂದ ಎದ್ದು ಬಂದರು. ಕಾಫಿ ಹಣ್ಣು ಕೆದಕುತ್ತಿದ್ದ ತಂದೆ ಕೋಲು ಹಿಡಿದುಕೊಂಡೇ ಜಗಲಿಯ ಹತ್ತಿರ ನಿಂತರು.

ಪೈಪಿನ ಜಾಯಿಂಟಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದೆ ಎಂಬಲ್ಲಿಗೆ ಬಂದಾಗ ತಂದೆ ತಡೆದರು.

"ಸೈಕಲ್ಲಿಂದಲ್ಲ ಕಣವ್ವ, ಅದು ನಿನ್ ಮಾವನ ಸ್ಕೂಟರಿಂದು. ಸೈಕಲ್ ಟ್ಯೂಬು ಒಂದಿನಾನೂ ತಡೀತಿರ್ಲಿಲ್ಲ."

ಹುಡುಗಿ ಪೆನ್ನು ತೆಗೆದು 'ಸೈಕಲ್' ಎಂಬುದನ್ನು ಹೊಡೆದು ಹಾಕಿ, 'ಮಾವನ ಸ್ಕೂಟರಿನ' ಎಂದು ಬರೆದಳು. ಅರ್ಜಿ ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಹೋಯಿತೆಂದು ಆಮೇಲೆ ಸ್ನೇಹಿತರು ತಿಳಿಸಿದರು.